ಬೆಂದ ಮಣ್ಣಿನ ಮಹಾಮಂದಿರ

ಕಲ್ಲಿಲ್ಲದ ನಾಡಿನಲ್ಲಿ ಕಲ್ಲಿನ ಕನಸನ್ನು ಕಂಡವರು ಏನು ಮಾಡಬೇಕು? ಜರ್ಮನಿಯ ಉತ್ತರದಂಚಿನಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಸಮೀಪದಲ್ಲಿ, ಟ್ರಾವೆ ಮತ್ತು ವಾಕೆನಿಟ್ಜ್ ಎಂಬ ಎರಡು ಹೊಳೆಗಳ ತೆಕ್ಕೆಯಲ್ಲಿ ದ್ವೀಪದಂತೆ ನಿಂತಿರುವ ಲ್ಯೂಬೆಕ್ ನಗರದ ವರ್ತಕರ ಮುಂದೆ ಹದಿಮೂರನೆಯ ಶತಮಾನದಲ್ಲಿ ಈ ಪ್ರಶ್ನೆ ಬಂದು ನಿಂತಿತು. ಅವರು ಕೊಟ್ಟ ಉತ್ತರ ಇಂದಿಗೂ ಆ ನಗರದ ನಡುನೆತ್ತಿಯ ಮೇಲೆ ತಲೆಯೆತ್ತಿ ನಿಂತಿದೆ. ಅದೇ ಸಂತ ಮೇರಿಯ ಇಗರ್ಜಿ. ದೂರದಿಂದ ಬರುವ ಪ್ರಯಾಣಿಕನಿಗೆ ಮೊದಲು ಕಾಣುವುದು ಲ್ಯೂಬೆಕ್ಕಿನ ಏಳು ಶಿಖರಗಳು. ಐದು ಇಗರ್ಜಿಗಳಿಗೆ ಸೇರಿದ ಈ ಏಳರಲ್ಲಿ ಅತ್ಯುನ್ನತವಾದ ಎರಡು ಈ ಮಂದಿರದವು. ಅವುಗಳ ಎತ್ತರ ಸುಮಾರು 125 ಮೀಟರು, ಎಂದರೆ ನಾನೂರು ಅಡಿಗೂ ಮಿಗಿಲು. ಇಷ್ಟು ದೊಡ್ಡ ಕಟ್ಟಡದ ಮೈಯೆಲ್ಲ ಕೈಯಲ್ಲಿ ಹಿಡಿಯಬಹುದಾದ ಇಟ್ಟಿಗೆಗಳಿಂದಲೇ ಆದುದೆಂದರೆ ನೋಡುವವನಿಗೆ ಕೂಡಲೇ ನಂಬಿಕೆ ಬಾರದು.

ಈ ಮಂದಿರದ ಚರಿತ್ರೆ ಬೆಂಕಿಯ ಚರಿತ್ರೆಯೂ ಹೌದು. ಬೆಂಕಿ ಅದನ್ನು ಹುಟ್ಟಿಸಿತು. ಬೆಂಕಿ ಅದನ್ನು ಸುಟ್ಟಿತು. ಬೆಂಕಿಯೇ ಅದರ ಗೋಡೆಗಳ ಹಳೆಯ ಗುಟ್ಟನ್ನು ಹೊರಗೆಡಹಿತು. ಅದರ ಬೆನ್ನ ಹಿಂದೆಯೇ ಒಬ್ಬ ಮಾಯಗಾರನ ಕುಂಚ ಬಂದು, ಲೋಕವನ್ನೇ ನಂಬಿಸಿ ಮೋಸಗೊಳಿಸಿತು.

ಹಿಮ ಬಿಟ್ಟುಹೋದ ಮಣ್ಣು

ಫ್ರಾನ್ಸಿನಲ್ಲಿ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಗಾಥಿಕ್ ಶೈಲಿಯ ಮಹಾಮಂದಿರಗಳು ಒಂದರ ಹಿಂದೊಂದು ಏಳುತ್ತಿದ್ದಾಗ, ಅಲ್ಲಿನ ಶಿಲ್ಪಿಗಳ ಕೈಗೆ ಕಡೆಯಲು ಮೃದುವಾದ, ನಿಲ್ಲಲು ಗಟ್ಟಿಯಾದ ಸುಣ್ಣಗಲ್ಲು ಧಾರಾಳವಾಗಿ ದೊರೆಯುತ್ತಿತ್ತು. ಉತ್ತರ ಜರ್ಮನಿಯ ಬಯಲಿಗೆ ಆ ಭಾಗ್ಯವಿರಲಿಲ್ಲ. ಹಿಮಯುಗದ ನೀರ್ಗಲ್ಲ ನದಿಗಳು ಸರಿದು ಕರಗಿಹೋದಾಗ ಅಲ್ಲಿ ಬಿಟ್ಟುಹೋದದ್ದು ಮರಳು, ಜೇಡಿಮಣ್ಣು, ಮತ್ತು ಹೊಲಗಳಲ್ಲಿ ಅಲ್ಲಲ್ಲಿ ಬಿದ್ದಿರುವ ಬೆಣಚುಕಲ್ಲಿನ ಗುಂಡುಗಳು ಮಾತ್ರ. ಆ ಗುಂಡುಗಳು ತಳಪಾಯಕ್ಕೆ ಒದಗುತ್ತಿದ್ದವು. ಉಳಿ ತಗುಲಿಸಿ ಲತೆ ಬಳ್ಳಿಗಳನ್ನು ಬಿಡಿಸಲು ಒಲಿಯುತ್ತಿರಲಿಲ್ಲ. ಕಲ್ಲಿನ ಗಣಿಗಳು ದೂರ; ಸಾಗಿಸುವ ವೆಚ್ಚವೋ ಅಪಾರ.

ಇಟ್ಟಿಗೆ ಸುಡುವ ವಿದ್ಯೆ ಈ ಬಯಲಿಗೆ ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಬಂದಿತು; ಉತ್ತರ ಇಟಲಿಯ ಕಡೆಯಿಂದ ಬಂದಿರಬೇಕೆಂದು ವಿದ್ವಾಂಸರ ಊಹೆ. ಅಂದಿನಿಂದ ಕಾಲಿನಡಿಯ ಜೇಡಿಮಣ್ಣೇ ಆ ಜನದ ಕಲ್ಲಾಯಿತು. ಶರತ್ಕಾಲದಲ್ಲಿ ಮಣ್ಣನ್ನು ಅಗೆದು ರಾಶಿ ಹಾಕುವುದು. ಚಳಿಗಾಲದ ಹಿಮಕ್ಕೆ ಅದು ಒಡೆದು ಪುಡಿಯಾಗಲು ಬಿಡುವುದು. ವಸಂತದಲ್ಲಿ ನೀರು ಹಾಕಿ ತುಳಿದು ಹದಮಾಡುವುದು. ಮರದ ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಕಟ್ಟಿಗೆಯ ಗೂಡಿನಲ್ಲಿ ದಿನಗಟ್ಟಲೆ ಸುಡುವುದು. ಹೀಗೆ ಆದ ಇಟ್ಟಿಗೆ ಇಂದಿನ ಇಟ್ಟಿಗೆಗಿಂತ ದೊಡ್ಡದು. ಸುಮಾರು 28 ಸೆಂಟಿಮೀಟರು ಉದ್ದ, ಅದರ ಅರ್ಧದಷ್ಟು ಅಗಲ. ಮಠಗಳ ಕಟ್ಟಡಗಳಲ್ಲಿ ಹೆಚ್ಚಾಗಿ ಬಳಕೆಯಾದ ಕಾರಣ ಈ ಅಳತೆಗೆ ‘ಮಠದ ಅಳತೆ’ ಎಂದೇ ಜರ್ಮನರಲ್ಲಿ ಹೆಸರು. ಗೋಡೆಯ ಮೈಯಲ್ಲಿ ಎರಡು ಇಟ್ಟಿಗೆಗಳನ್ನು ಉದ್ದಕ್ಕೂ ಒಂದನ್ನು ಅಡ್ಡಕ್ಕೂ ಇಡುವ ವರಸೆಗೆ ‘ಸಂನ್ಯಾಸಿಗಳ ವರಸೆ’ ಎಂದು ಕರೆಯುತ್ತಾರೆ.

ವರ್ತಕರ ಹೆಮ್ಮೆ

ಲ್ಯೂಬೆಕ್ 1143ರಲ್ಲಿ ಸ್ಥಾಪಿತವಾಗಿ, ಬೆಂಕಿಗೆ ಆಹುತಿಯಾಗಿ, 1159ರಲ್ಲಿ ‘ಸಿಂಹ’ನೆಂದು ಬಿರುದಾಂತನಾದ ಹೆನ್ರಿ ಪ್ರಭುವಿನಿಂದ ಪುನಃ ಸ್ಥಾಪಿತವಾದ ಊರು. 1226ರಲ್ಲಿ ಚಕ್ರವರ್ತಿಯಿಂದ ಸ್ವತಂತ್ರ ನಗರವೆಂಬ ಸನದನ್ನು ಪಡೆದ ಮೇಲೆ ಅದಕ್ಕೆ ಚಕ್ರವರ್ತಿಯ ಹೊರತು ಬೇರೊಬ್ಬ ಒಡೆಯನಿರಲಿಲ್ಲ. ಲ್ಯೂನೆಬುರ್ಗಿನ ಉಪ್ಪು, ಇಂದಿನ ಸ್ವೀಡನ್ನಿನ ದಕ್ಷಿಣ ತೀರದ ಹೆರಿಂಗ್ ಮೀನು, ಈ ಎರಡೂ ಲ್ಯೂಬೆಕ್ಕಿನ ಬಂದರಿನಲ್ಲಿ ಸಂಧಿಸಿದವು. ಉಪವಾಸದ ದಿನಗಳಲ್ಲಿ ಮಾಂಸವನ್ನು ಮುಟ್ಟದ ಯೂರೋಪಿಗೆ ಉಪ್ಪುಮೀನು ಬೇಕಾಗಿತ್ತು. ಆ ಬೇಡಿಕೆಯೇ ಲ್ಯೂಬೆಕ್ಕಿನ ಬೊಕ್ಕಸವನ್ನು ತುಂಬಿತು. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳ ವ್ಯಾಪಾರವನ್ನು ತನ್ನ ಕೈಯಲ್ಲಿರಿಸಿಕೊಂಡಿದ್ದ ಹಾನ್ಸಾ ಎಂಬ ವರ್ತಕ ನಗರಗಳ ಕೂಟಕ್ಕೆ ಲ್ಯೂಬೆಕ್ಕೇ ಹಿರಿಯಣ್ಣನಾಯಿತು.

ಊರಿನ ದಕ್ಷಿಣದ ತುದಿಯಲ್ಲಿ ಬಿಷಪ್ಪನ ಪ್ರಧಾನ ಇಗರ್ಜಿಯಿತ್ತು. ಅದನ್ನು 1173ರಲ್ಲಿ ಹೆನ್ರಿ ಪ್ರಭುವೇ ಆರಂಭಿಸಿದ್ದನು. ಆದರೆ ದುಡಿದು ಗಳಿಸಿದ ವರ್ತಕರಿಗೆ ತಮ್ಮದೇ ಆದ ಮಂದಿರ ಬೇಕಾಗಿತ್ತು. ಅದು ಬಿಷಪ್ಪನ ಮಂದಿರಕ್ಕಿಂತ ಒಂದು ಕೈ ಮೇಲಾಗಿರಬೇಕಾಗಿತ್ತು. ಊರಿನ ಅತ್ಯಂತ ಎತ್ತರದ ನೆಲ, ಒಂದು ಮಗ್ಗುಲಲ್ಲಿ ನಗರಸಭೆಯ ಭವನ, ಎದುರಿಗೆ ಸಂತೆಯ ಚೌಕ. ಅಲ್ಲಿ ಸಂತ ಮೇರಿಯ ಹಳೆಯ ಇಟ್ಟಿಗೆಯ ಇಗರ್ಜಿಯೊಂದು ಆಗಲೇ ಇತ್ತು. 1251ರಲ್ಲಿ ಊರಿಗೆ ಬೆಂಕಿ ಬಿದ್ದಿತು. ಅನಂತರ ಕೈಗೊಂಡ ಕೆಲಸದಲ್ಲಿ ನಗರದವರ ಆಸೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು. ನಡುವಿನ ಹಜಾರವೂ ಪಕ್ಕದ ಹಜಾರಗಳೂ ಒಂದೇ ಎತ್ತರಕ್ಕಿರುವ ಮಂದಿರವನ್ನು ಕಟ್ಟಲು ತೊಡಗಿದವರು ನಡುದಾರಿಯಲ್ಲಿ ಆ ಯೋಜನೆಯನ್ನು ಕೈಬಿಟ್ಟು, ಫ್ರಾನ್ಸಿನ ಮಹಾಮಂದಿರಗಳ ಮಾದರಿಯನ್ನು ಹಿಡಿದರು: ಮುಗಿಲಿಗೆ ಏರುವ ನಡುಹಜಾರ, ಅದರ ಎರಡು ಬದಿಗೆ ತಗ್ಗಾದ ಹಜಾರಗಳು, ಪೂಜಾಪೀಠದ ಸುತ್ತ ಪ್ರದಕ್ಷಿಣಪಥ, ಆ ಪಥದಿಂದ ಹೂವಿನ ಎಸಳುಗಳಂತೆ ಹೊರಚಾಚುವ ಚಿಕ್ಕ ಗುಡಿಗಳು. 1276ರಲ್ಲಿ ಮತ್ತೊಮ್ಮೆ ಊರು ಉರಿಯಿತು. ಮನೆಗಳಿಗೂ ಇಟ್ಟಿಗೆಯೇ ಆಗಬೇಕೆಂಬ ಕಟ್ಟಳೆ ಬಲವಾದದ್ದು ಈ ಬೆಂಕಿಗಳ ಪಾಠದಿಂದಲೇ.

ಪಶ್ಚಿಮದ ಎರಡು ಗೋಪುರಗಳ ಕೆಲಸ ಹದಿನಾಲ್ಕನೆಯ ಶತಮಾನದ ಮೊದಲ ದಶಕದಲ್ಲಿ ಮೊದಲಾಗಿ, 1351ರಲ್ಲಿ ಶಿಖರಗಳೊಡನೆ ಮುಗಿಯಿತು. ಅದರ ಹಿಂದಿನ ವರ್ಷ, 1350ರಲ್ಲಿ, ಮಹಾಮಾರಿ ಪ್ಲೇಗು ಲ್ಯೂಬೆಕ್ಕನ್ನು ಹೊಕ್ಕಿತ್ತು. ಬೀದಿಬೀದಿಯಲ್ಲಿ ಹೆಣ ಹೊರುವ ಕಾಲದಲ್ಲೂ ಶಿಖರದ ಕೆಲಸ ಕೈಬಿಟ್ಟುಹೋಗದಿದ್ದುದು ಆ ಜನದ ಹಟಕ್ಕೆ ಸಾಕ್ಷಿ.

ಇದು ಕೇವಲ ಪ್ರಾರ್ಥನೆಯ ಸ್ಥಳವಾಗಿರಲಿಲ್ಲ. ನಗರಸಭೆಯ ಸದಸ್ಯರಿಗೆ ಇಲ್ಲಿ ಪ್ರತ್ಯೇಕ ಗುಡಿಯಿತ್ತು. ಅದರ ಮೇಲಿನ ಭದ್ರವಾದ ಕೋಣೆಯಲ್ಲಿ ನಗರದ ಸನದುಗಳು, ಕೌಲುಕರಾರುಗಳು ಇರುತ್ತಿದ್ದವು. ಊರಿನ ಸ್ವಾತಂತ್ರ್ಯದ ಕಾಗದಪತ್ರಗಳನ್ನು ದೇವರ ಮನೆಯಲ್ಲಿಯೇ ಇರಿಸಿದ್ದರು.

ಇಟ್ಟಿಗೆಯ ನಿಯಮ

ಇಟ್ಟಿಗೆಯಲ್ಲಿ ಗಾಥಿಕ್ ಮಂದಿರವನ್ನು ಕಟ್ಟುವುದೆಂದರೆ ಹಾಡುಗಬ್ಬವನ್ನು ಬೇರೊಂದು ಭಾಷೆಗೆ ತಂದಂತೆ. ರಾಗ ಉಳಿಯಬೇಕು, ಪದಗಳೆಲ್ಲ ಬದಲಾಗಬೇಕು. ಫ್ರಾನ್ಸಿನ ಮಂದಿರಗಳ ಮುಂಬಾಗಿಲುಗಳಲ್ಲಿ ಕಿಕ್ಕಿರಿದ ಸಂತರ ಪ್ರತಿಮೆಗಳಿವೆ. ಇಟ್ಟಿಗೆಯನ್ನು ಹಾಗೆ ಕಡೆಯಲಾಗದು. ಆದುದರಿಂದ ಲ್ಯೂಬೆಕ್ಕಿನ ಮೇಸ್ತ್ರಿಗಳು ಶಿಲ್ಪವನ್ನು ಬಿಟ್ಟರು. ಗೋಡೆಯ ಗಾತ್ರ, ಗೆರೆಯ ನೇರ, ಕಿಟಕಿಯ ಮೇಲೊಂದು ಕಿಟಕಿಯಾಗಿ ಏರುವ ಗೋಪುರದ ಲಯ, ಇವುಗಳನ್ನೇ ನೆಚ್ಚಿದರು. ಬಾಗಿಲ ಅಂಚಿಗೆ, ಕಮಾನಿನ ಏಣುಗಳಿಗೆ ಬೇಕಾದ ದುಂಡು ಇಟ್ಟಿಗೆಗಳನ್ನು ಸುಡುವ ಮುಂಚೆಯೇ ಬೇರೆ ಬೇರೆ ಅಚ್ಚುಗಳಲ್ಲಿ ರೂಪಿಸಿದರು. ಇಟ್ಟಿಗೆ ಗಾಥಿಕ್ ಎಂದು ಇಂದು ಪ್ರಸಿದ್ಧವಾದ ಶೈಲಿಗೆ ಮೂಲ ಇಂತಹ ಸಂಯಮವೇ.

ಮಂದಿರದ ಒಳಹೊಕ್ಕು ತಲೆಯೆತ್ತಿದರೆ ನಡುಹಜಾರದ ಕಮಾನು ಚಾವಣಿ 38.5 ಮೀಟರು, ಎಂದರೆ ಸುಮಾರು 126 ಅಡಿ ಎತ್ತರದಲ್ಲಿದೆ. ಇಟ್ಟಿಗೆಯಲ್ಲಿ ಕಟ್ಟಿದ ಕಮಾನು ಚಾವಣಿಗಳಲ್ಲಿ ಲೋಕದಲ್ಲೇ ಇದಕ್ಕಿಂತ ಎತ್ತರವಾದುದಿಲ್ಲ. ಇಷ್ಟು ಮೇಲೆ ಬಾಗಿ ನಿಂತ ಚಾವಣಿ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯಲು ಹೊರಗಡೆಯಿಂದ ಅರೆಗಮಾನುಗಳು ಪಕ್ಕದ ಹಜಾರಗಳ ಮಾಡಿನ ಮೇಲಿಂದ ಹಾಯ್ದು ಬಂದು ಗೋಡೆಗೆ ಹೆಗಲು ಕೊಟ್ಟಿವೆ. ಕಲ್ಲಿನವರ ಈ ಯುಕ್ತಿಯನ್ನೂ ಲ್ಯೂಬೆಕ್ಕಿನವರು ಇಟ್ಟಿಗೆಯಲ್ಲಿಯೇ ಸಾಧಿಸಿದರು. ಒಂದೊಂದು ಇಟ್ಟಿಗೆಯೂ ಅಲ್ಪ. ಸುಣ್ಣದ ಗಾರೆಯಲ್ಲಿ ಸಾಲುಗೂಡಿದಾಗ ಅದಕ್ಕೆ ಪರ್ವತದ ಬಲ. ಸಣ್ಣ ಸಣ್ಣ ಲಾಭಗಳನ್ನು ಕೂಡಿಹಾಕಿ ದೊಡ್ಡವರಾದ ವರ್ತಕರಿಗೆ ಇದಕ್ಕಿಂತ ಒಪ್ಪುವ ವಸ್ತು ಇನ್ನೊಂದಿರಲಾರದು.

ವಿಸ್ಮಾರ್, ರೋಸ್ಟಾಕ್, ಸ್ಟ್ರಾಲ್ಸುಂಡ್ ಮೊದಲಾದ ಬಂದರುಗಳೂ ಲ್ಯೂಬೆಕ್ಕಿನ ಮೇಲ್ಪಂಕ್ತಿಯನ್ನು ಅನುಸರಿಸಿದವು. ಬಾಲ್ಟಿಕ್ ಪ್ರದೇಶದ ಸುಮಾರು ಎಪ್ಪತ್ತು ಇಗರ್ಜಿಗಳು ಈ ತಾಯಿಮಂದಿರದ ಹೋಲಿಕೆಯಿಂದ ಹುಟ್ಟಿದವೆಂದು ಹೇಳುವುದುಂಟು. ಹಡಗುಗಳು ಉಪ್ಪು ಬಟ್ಟೆಗಳನ್ನು ಹೊತ್ತ ಹಾದಿಯಲ್ಲಿಯೇ ಮಂದಿರದ ರೂಪವೂ ಪಯಣ ಮಾಡಿತು.

ಇಂತಹ ಕಟ್ಟಡಕ್ಕೆ ಕಟ್ಟುಕಥೆಗಳು ಹುಟ್ಟದಿರುವುದುಂಟೆ? ಅಡಿಪಾಯ ಹಾಕುತ್ತಿದ್ದಾಗ ಸೈತಾನನು ಬಂದು ಏನು ಕಟ್ಟುತ್ತಿರುವಿರೆಂದು ಕೇಳಿದನಂತೆ. ದೇವರ ಮನೆಯೆಂದು ಹೇಳಲು ಅಂಜಿದ ಕೆಲಸಗಾರರು ಮದ್ಯದಂಗಡಿಯೆಂದು ಬಾಯಿಗೆ ಬಂದುದನ್ನು ಹೇಳಿದರು. ಸೈತಾನನಿಗೆ ಪರಮಾನಂದವಾಗಿ, ತಾನೂ ಸೊಂಟ ಕಟ್ಟಿ ಇಟ್ಟಿಗೆ ಹೊತ್ತನು. ಗೋಡೆ ಬೇಗಬೇಗನೆ ಎದ್ದಿತು. ನಿಜ ತಿಳಿದ ದಿನ ದೊಡ್ಡ ಬಂಡೆಯೊಂದನ್ನೆತ್ತಿ ಕಟ್ಟಡವನ್ನು ಪುಡಿಮಾಡಲು ಹೊರಟನು. ಆಗ ಒಬ್ಬ ಚತುರನು, ಎದುರಿಗೇ ನಿನಗೊಂದು ಮದ್ಯದ ನೆಲಮಾಳಿಗೆಯನ್ನು ಕಟ್ಟಿಕೊಡುತ್ತೇವೆಂದು ಮಾತು ಕೊಟ್ಟು ಅವನನ್ನು ಸಮಾಧಾನಪಡಿಸಿದನು. ನಗರಸಭಾ ಭವನದ ಕೆಳಗೆ ಮದ್ಯದ ನೆಲಮಾಳಿಗೆಯೂ ಇದೆ, ಇಗರ್ಜಿಯ ಮಗ್ಗುಲಲ್ಲಿ ಬಂಡೆಯೂ ಇದೆ. ಅದರ ಮೇಲೆ 1999ರಿಂದ ಕಂಚಿನ ಪುಟ್ಟ ಸೈತಾನನೊಬ್ಬ ಕುಳಿತು ಬಂದವರನ್ನು ನೋಡಿ ನಗುತ್ತಿದ್ದಾನೆ.

ನಾದ ಮತ್ತು ನೆನಪು

ಮಂದಿರದ ಒಳಗೆ ಕಾಲಕಾಲಕ್ಕೆ ಸಂಪತ್ತು ಕೂಡಿತು. 1463ರಲ್ಲಿ ಬೆರ್ನ್ಟ್ ನೋಟ್ಕೆ ಎಂಬ ಚಿತ್ರಕಾರನು ಬರೆದ ‘ಮೃತ್ಯುನರ್ತನ’ದಲ್ಲಿ ಪೋಪನಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರ ಕೈಯನ್ನೂ ಹಿಡಿದು ಮೃತ್ಯು ಕುಣಿಸುತ್ತಿದ್ದಿತು, ಅವರ ಹಿಂದೆ ಲ್ಯೂಬೆಕ್ಕಿನ ಶಿಖರಗಳೇ ಕಾಣುತ್ತಿದ್ದವು. ಆ ಚಿತ್ರ ಜೀರ್ಣವಾದಾಗ 1701ರಲ್ಲಿ ಅದರ ಪ್ರತಿಯನ್ನು ಮಾಡಿ ನಿಲ್ಲಿಸಿದರು. ಹದಿನಾರನೆಯ ಶತಮಾನದ ಮತಸುಧಾರಣೆಯ ತರುವಾಯ ಮಂದಿರ ಲೂಥರನ ಮತಕ್ಕೆ ಸೇರಿತು. ಕಾಲಕ್ರಮದಲ್ಲಿ ಗೋಡೆಗಳ ಹಳೆಯ ಚಿತ್ರಗಳ ಮೇಲೆ ಸುಣ್ಣ ಬಿದ್ದಿತು.

1668ರಿಂದ 1707ರವರೆಗೆ ಇಲ್ಲಿ ಆರ್ಗನ್ ವಾದಕನಾಗಿದ್ದ ಡೀಟ್ರಿಖ್ ಬುಕ್ಸ್ಟೆಹೂಡೆಯ ಸಂಜೆಯ ಗಾನಸಭೆಗಳು ಜರ್ಮನಿಯಲ್ಲೆಲ್ಲ ಹೆಸರಾಗಿದ್ದವು. 1705ರಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ಆರ್ನ್‌ಸ್ಟಾಟ್ ಎಂಬ ಊರಿನಿಂದ ಸುಮಾರು 400 ಕಿಲೋಮೀಟರು ನಡೆದು ಆ ನಾದವನ್ನು ಕೇಳಲು ಬಂದನು. ನಾಲ್ಕು ವಾರಗಳ ರಜ ಪಡೆದು ಬಂದವನು ಸುಮಾರು ನಾಲ್ಕು ತಿಂಗಳು ಕಳೆದು ಹಿಂದಿರುಗಿ, ತನ್ನ ಯಜಮಾನರಿಂದ ಛೀಮಾರಿ ಹಾಕಿಸಿಕೊಂಡನು. ಅವನೇ ಮುಂದೆ ಪಾಶ್ಚಾತ್ಯ ಸಂಗೀತದ ಮೇರುವೆನಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖ್.

ಈ ಇಗರ್ಜಿಯಲ್ಲಿಯೇ 1875ರಲ್ಲಿ ಜ್ಞಾನಸ್ನಾನ ಪಡೆದ ಶಿಶು ಕಾದಂಬರಿಕಾರ ಥಾಮಸ್ ಮಾನ್. ಕನ್ನಡಿಗರಿಗೆ ಆತ ತೀರ ಅಪರಿಚಿತನಲ್ಲ. ಬೇತಾಳ ಕಥೆಯೊಂದನ್ನು ಹಿಡಿದು ಮಾನ್ 1940ರಲ್ಲಿ ಬರೆದ ಅದಲುಬದಲಾದ ತಲೆಗಳ ಕಥೆಯೇ ಗಿರೀಶ್ ಕಾರ್ನಾಡರ ‘ಹಯವದನ’ ನಾಟಕಕ್ಕೆ ಒಂದು ಪ್ರೇರಣೆ.

ಗರಿಗಳ ಭಾನುವಾರದ ರಾತ್ರಿ

1942ನೆಯ ಇಸವಿ ಮಾರ್ಚ್ 28ರ ರಾತ್ರಿ. ಬೆಳಗಾದರೆ ಗರಿಗಳ ಭಾನುವಾರ. ಅಂದು ಬ್ರಿಟಿಷ್ ವಾಯುಪಡೆಯ 234 ವಿಮಾನಗಳು ಲ್ಯೂಬೆಕ್ಕಿನ ಮೇಲೆ ಬಂದವು. ಹಳೆಯ ಊರು, ಇಕ್ಕಟ್ಟಾದ ಓಣಿಗಳು, ಒತ್ತೊತ್ತಾದ ಮನೆಗಳು. ಬೆಂಕಿಯ ಬಾಂಬುಗಳಿಗೆ ಇದಕ್ಕಿಂತ ಸುಲಭವಾದ ಗುರಿ ಬೇಕೆ? ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸಂತ ಮೇರಿಯ ಮಂದಿರದ ಮಾಡು, ಮರದ ಶಿಖರಗಳು, ಮೃತ್ಯುನರ್ತನದ ಚಿತ್ರ, ಹದಿನಾರನೆಯ ಶತಮಾನದ ಖಗೋಳ ಗಡಿಯಾರ, ಆರ್ಗನ್‌ಗಳು ಎಲ್ಲವೂ ಬೂದಿಯಾದವು. ದಕ್ಷಿಣ ಗೋಪುರದಲ್ಲಿ ತೂಗುತ್ತಿದ್ದ ಗಂಟೆಗಳು, ತಮ್ಮನ್ನು ಹೊತ್ತ ತೊಲೆಗಳು ಉರಿದುಹೋದಾಗ, ಅಷ್ಟೆತ್ತರದಿಂದ ಕೆಳಗುರುಳಿ ನೆಲದಲ್ಲಿ ಒಡೆದು ಹೂತುಕೊಂಡವು. ಬಿಷಪ್ಪನ ಇಗರ್ಜಿಗೂ ಅದೇ ಗತಿಯಾಯಿತು.

ಮರ ಉರಿಯಿತು, ಆದರೆ ಇಟ್ಟಿಗೆ ಉರಿಯಲಿಲ್ಲ. ಹುಟ್ಟುವಾಗಲೇ ಒಮ್ಮೆ ಬೆಂದ ಮಣ್ಣಿಗೆ ಎರಡನೆಯ ಬೆಂಕಿ ಹೊಸದೇನಲ್ಲ. ಚಾವಣಿಯ ಕೆಲವು ಭಾಗಗಳು ಕುಸಿದರೂ ಗೋಡೆಗಳೂ ಗೋಪುರಗಳೂ ನಿಂತವು. ಆ ಶಾಖಕ್ಕೆ ಶತಮಾನಗಳ ಸುಣ್ಣದ ಪದರಗಳು ಬಿರಿದು ಕಳಚಿದಾಗ, ಅವುಗಳ ಅಡಿಯಿಂದ ಮಧ್ಯಯುಗದ ವರ್ಣಚಿತ್ರಗಳ ಕುರುಹುಗಳು ಇಣಿಕಿದವು. ನಾಶದ ನಡುವೆ ದೊರೆತ ಈ ನಿಧಿಯನ್ನು ಕಂಡು ಜನ ಕಣ್ಣೀರಿನಲ್ಲಿಯೂ ಹಿಗ್ಗಿದರು.

ಕುಂಚದ ಕಪಟ

ಪುನರ್ನಿರ್ಮಾಣ 1947ರಲ್ಲಿ ಮೊದಲಾಯಿತು. ವರ್ಣಚಿತ್ರಗಳನ್ನು ಸರಿಪಡಿಸುವ ಹೊಣೆ ಡೀಟ್ರಿಖ್ ಫೈ ಎಂಬವನ ಪಾಲಿಗೆ ಬಂದಿತು. ಅವನ ಕೈಕೆಳಗೆ ಅಟ್ಟಣೆಯನ್ನೇರಿ ಕುಂಚ ಹಿಡಿದವನು ಲೋಥರ್ ಮಾಲ್ಸ್ಕಾಟ್. ಹೊರಗಿನವರಿಗೆ ಅಟ್ಟಣೆಯ ಮೇಲೆ ಪ್ರವೇಶವಿರಲಿಲ್ಲ. ಪೂಜಾಪೀಠದ ಭಾಗದ ಗೋಡೆಗಳಲ್ಲಿ ಹಳೆಯ ಬಣ್ಣ ಇದ್ದೂ ಇಲ್ಲದಂತಿತ್ತು. ಮಾಲ್ಸ್ಕಾಟ್ ಅಲ್ಲಿ ಹೊಸ ಬಣ್ಣ ಬಳಿದು, ತನ್ನ ಕಲ್ಪನೆಯ ಸಂತರನ್ನು ಸಾಲುಸಾಲಾಗಿ ನಿಲ್ಲಿಸಿದನು. ಅವರಲ್ಲಿ ಒಬ್ಬಳ ಮುಖಕ್ಕೆ ಚಲಚ್ಚಿತ್ರ ನಟಿಯೊಬ್ಬಳೇ ಮಾದರಿಯಾದಳು. ಬಳಿಕ ಅವುಗಳನ್ನು ಉಜ್ಜಿ ಮಾಸಿಸಿ ಹಳತು ಮಾಡಿದನು.

1951ರಲ್ಲಿ ಮಂದಿರದ ಏಳುನೂರು ವರ್ಷದ ಉತ್ಸವ ನಡೆಯಿತು. ಪಶ್ಚಿಮ ಜರ್ಮನಿಯ ಪ್ರಧಾನಿ ಆಡೆನೌರ್ ಸ್ವತಃ ಬಂದರು. ಈ ಚಿತ್ರಗಳಿಂದ ಆಯ್ದ ಅಂಚೆಚೀಟಿಗಳು ಹೊರಬಿದ್ದವು. ವಿದ್ವಾಂಸರು ಹದಿಮೂರನೆಯ ಶತಮಾನದ ಅನಾಮಧೇಯ ಕಲಾವಿದನ ಪ್ರತಿಭೆಯನ್ನು ಕೊಂಡಾಡಿದರು. ಕೀರ್ತಿಯೆಲ್ಲ ಫೈನ ಪಾಲಾಯಿತು. ಆ ಅನಾಮಧೇಯ ಕಲಾವಿದನೋ ಜನಸಂದಣಿಯಲ್ಲಿ ಯಾರಿಗೂ ಬೇಡದವನಾಗಿ ನಿಂತಿದ್ದನು!

ಮರುವರ್ಷ ಮಾಲ್ಸ್ಕಾಟನೇ ಬಾಯಿಬಿಟ್ಟನು: ಅವು ಹಳೆಯ ಚಿತ್ರಗಳಲ್ಲ, ತನ್ನವು. ಮೊದಲು ಯಾರೂ ನಂಬಲಿಲ್ಲ. ಕಡೆಗೆ ತನ್ನ ವಕೀಲನ ಮೂಲಕ ತನ್ನ ಮೇಲೆ ತಾನೇ ದೂರು ಕೊಡಬೇಕಾಯಿತು. ಪರಿಶೀಲನೆಯಲ್ಲಿ ಮಾತು ನಿಜವಾಯಿತು. 1955ರಲ್ಲಿ ಫೈಗೆ ಇಪ್ಪತ್ತು ತಿಂಗಳ, ಮಾಲ್ಸ್ಕಾಟನಿಗೆ ಹದಿನೆಂಟು ತಿಂಗಳ ಸೆರೆವಾಸ ವಿಧಿಸಲಾಯಿತು. ಪೂಜಾಪೀಠದ ಭಾಗದ ಹುಸಿ ಸಂತರನ್ನು ತೊಳೆದುಹಾಕಿದರು.

ಆ ಚಿತ್ರಗಳು ಅಂದವಾಗಿಯೇ ಇದ್ದವು, ಭಕ್ತರೂ ಮೆಚ್ಚಿದ್ದರು. ಹಾಗಿದ್ದರೂ ಅವನ್ನು ಏಕೆ ಅಳಿಸಬೇಕಾಗಿತ್ತು? ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಜನ ಹಳೆಯದೇನಾದರೂ ಉಳಿದಿರಲಿ ಎಂದು ಹಂಬಲಿಸುತ್ತಿದ್ದರು. ಆ ಹಂಬಲವನ್ನೇ ಬಂಡವಾಳ ಮಾಡಿಕೊಂಡು ಅವರ ಕೈಗೆ ಹುಸಿಯನ್ನಿತ್ತುದು ಅಪರಾಧ. ಹೊಸದು ಹೊಸದೆಂದು ಹೇಳಿಕೊಂಡು ಬಂದಿದ್ದರೆ ಬಹುಶಃ ಇಂದಿಗೂ ಅಲ್ಲಿಯೇ ಇರುತ್ತಿತ್ತು.

ಎತ್ತದೆ ಬಿಟ್ಟ ಗಂಟೆಗಳು

ಉಳಿದ ಕೆಲಸದಲ್ಲಿ ಲ್ಯೂಬೆಕ್ಕಿನವರು ಹಿಡಿದ ದಾರಿ ಈ ಮಾತಿಗೆ ನಿದರ್ಶನ. ಮಾಡಿಗೆ ಹಿಂದಿನಂತೆ ಮರದ ತೊಲೆಗಳನ್ನು ಹಾಕದೆ, ಮತ್ತೆ ಬೆಂಕಿಗೆ ಎಡೆಗೊಡದಂತೆ ಕಾಂಕ್ರೀಟನ್ನು ಬಳಸಿದರು. ಸುಟ್ಟುಹೋದ ಮೃತ್ಯುನರ್ತನವನ್ನು ಮತ್ತೆ ಬರೆಯಲು ಹೋಗದೆ, ಆ ವಸ್ತುವನ್ನೇ ಹೊಸ ಕಾಲದ ಬಣ್ಣದ ಗಾಜಿನ ಕಿಟಕಿಗಳಲ್ಲಿ ಆಲ್ಫ್ರೆಡ್ ಮಾಲೌ ಎಂಬ ಕಲಾವಿದನಿಂದ ಮೂಡಿಸಿದರು. ಖಗೋಳ ಗಡಿಯಾರದ ಸ್ಥಾನಕ್ಕೆ ಪೌಲ್ ಬೆಹ್ರೆನ್ಸ್ ಎಂಬ ಊರಿನ ಗಡಿಯಾರದ ಕುಶಲಿಯು ವರ್ಷಗಟ್ಟಲೆ ದುಡಿದು ಹೊಸದೊಂದನ್ನು ನಿರ್ಮಿಸಿಕೊಟ್ಟನು. ಯಾವುದಕ್ಕೂ ಹಳೆಯದೆಂಬ ವೇಷವಿಲ್ಲ. 1959ರ ಹೊತ್ತಿಗೆ ಪುನರ್ನಿರ್ಮಾಣದ ಮುಖ್ಯ ಕಾರ್ಯ ಪೂರ್ಣಗೊಂಡಿತು. 1987ರಲ್ಲಿ ಲ್ಯೂಬೆಕ್ಕಿನ ಹಳೆಯ ಊರನ್ನು ಯುನೆಸ್ಕೋ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಕ್ಷಿಣ ಗೋಪುರದ ಬುಡದಲ್ಲಿ ಮಾತ್ರ ಏನನ್ನೂ ಸರಿಪಡಿಸಲಿಲ್ಲ. 1942ರ ಆ ರಾತ್ರಿ ಬಿದ್ದ ಗಂಟೆಗಳು ಬಿದ್ದಲ್ಲಿಯೇ ಇವೆ: ಬಾಯೊಡೆದು, ನೆಲವನ್ನು ಸೀಳಿ, ಚೂರುಚೂರಾಗಿ. ಅವನ್ನು ಕರಗಿಸಿ ಹೊಸ ಗಂಟೆಗಳನ್ನು ಎರಕ ಹೊಯ್ಯಬಹುದಾಗಿತ್ತು. ಯಾರೂ ಹಾಗೆ ಮಾಡಲಿಲ್ಲ. ಅವುಗಳ ಸನ್ನಿಧಿಯಲ್ಲಿ ಮೊಳೆಗಳಿಂದ ಮಾಡಿದ ಒಂದು ಶಿಲುಬೆಯಿದೆ. ಅದು 1940ರಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ತುತ್ತಾದ ಇಂಗ್ಲೆಂಡಿನ ಕೊವೆಂಟ್ರಿ ನಗರದ ಇಗರ್ಜಿಯಿಂದ ಸ್ನೇಹದ ಕುರುಹಾಗಿ ಬಂದದ್ದು. ಒಬ್ಬರ ಮಂದಿರವನ್ನು ಒಬ್ಬರು ಸುಟ್ಟವರು ಈಗ ಒಬ್ಬರ ಗಾಯಕ್ಕೆ ಒಬ್ಬರು ಸಾಕ್ಷಿಯಾಗಿದ್ದಾರೆ.

ಮೇಲೆ 126 ಅಡಿಯ ಇಟ್ಟಿಗೆಯ ಆಕಾಶ. ಕೆಳಗೆ ನುಡಿಯದ ಕಂಚು. ಮಂದಿರಕ್ಕೆ ಬಂದವರು ಕಮಾನುಗಳನ್ನು ನೋಡುವಾಗ ಬೆರಳೆತ್ತಿ ತೋರಿಸಿ ಮಾತನಾಡುತ್ತಾರೆ. ಗಂಟೆಗಳ ಎದುರಿಗೆ ಬಂದಾಗ ಮಾತು ತಾನಾಗಿಯೇ ನಿಲ್ಲುತ್ತದೆ.